ಎರಡು ಮನೆ, ಒಂದೇ ಲೆಕ್ಕ

ಎನ್‌ಸಿಇಆರ್‌ಟಿಯ 2006ರ ಹತ್ತನೇ ತರಗತಿ ಗಣಿತ ಪುಸ್ತಕದಲ್ಲಿ ಅಫ್ತಾಬ್ ಎಂಬಾತ ಮಗಳಿಗೆ ಹೇಳುತ್ತಾನೆ: ಏಳು ವರ್ಷದ ಹಿಂದೆ ನನ್ನ ವಯಸ್ಸು ನಿನ್ನದರ ಏಳರಷ್ಟಿತ್ತು, ಇನ್ನು ಮೂರು ವರ್ಷಕ್ಕೆ ಮೂರರಷ್ಟಾಗುತ್ತದೆ. ಯಾವ ಅಪ್ಪ ಮಗಳ ಹತ್ತಿರ ಹೀಗೆ ಮಾತಾಡುತ್ತಾನೋ ಕಾಣೆ, ಇರಲಿ. ಅದೇ ಅಧ್ಯಾಯದಲ್ಲಿ ಮುಂದೆ ಜೇಕಬ್ ಬರುತ್ತಾನೆ. ಅವನ ವಯಸ್ಸು ಐದು ವರ್ಷದ ಹಿಂದೆ ಮಗನದರ ಏಳರಷ್ಟು, ಐದು ವರ್ಷದ ನಂತರ ಮೂರರಷ್ಟು. ಅಫ್ತಾಬನಿಗೆ 42, ಮಗಳಿಗೆ 12. ಜೇಕಬನಿಗೆ 40, ಮಗನಿಗೆ 10.

ನಿಜಕ್ಕೂ ಇವೆರಡೂ ಒಂದೇ ಲೆಕ್ಕ. ಎರಡು ಮನೆಯಲ್ಲೂ 35 ಮತ್ತು 5 ಇದ್ದವರು ಹತ್ತು ವರ್ಷ ಕಳೆದು 45 ಮತ್ತು 15 ಆಗುತ್ತಾರೆ. ‘ಈಗ’ ಎನ್ನುವುದು ಎರಡು ವರ್ಷ ಸರಿದಿದೆ, ಅಷ್ಟೇ. ಎಕ್ಸ್, ವೈ ಹಾಕಿಕೊಂಡು ಆದೇಶ ವಿಧಾನಕ್ಕೋ ವರ್ಜಿಸುವ ವಿಧಾನಕ್ಕೋ ನುಗ್ಗುವ ವಿದ್ಯಾರ್ಥಿಗೆ ಇದು ಕಾಣುವುದು ಕಷ್ಟ. ಓದಿದ ಕಥೆಯನ್ನು ಅವನು ಎರಡನೇ ಸಾಲಿಗೇ ಮರೆತಿರುತ್ತಾನೆ. ಪುಸ್ತಕವೂ ನೆನಪಿಸುವುದಿಲ್ಲ.

ಕಥೆ ಮರೆಯದವನಿಗೆ ದಾರಿ ಹತ್ತಿರ. ಅಪ್ಪ–ಮಗಳ ವಯಸ್ಸಿನ ಅಂತರ ಎಂದೂ ಬದಲಾಗದು. ಏಳರಷ್ಟಿದ್ದಾಗ ಆ ಅಂತರ ಮಗಳ ವಯಸ್ಸಿನ ಆರರಷ್ಟು, ಮೂರರಷ್ಟಾದಾಗ ಎರಡರಷ್ಟು. ಎಂದರೆ ಹತ್ತು ವರ್ಷದಲ್ಲಿ ಮಗಳ ವಯಸ್ಸು ಮೂರು ಪಟ್ಟಾಗಿದೆ: 5 ಇದ್ದದ್ದು 15. ಕಾಗದವೇ ಬೇಡ.

ಸಮೀಕರಣ ಬೇಡವೆಂದಲ್ಲ. ಅಜ್ಞಾತಗಳು ಮೂರಾದರೆ, ಅಂಕಿಗಳು ಒರಟಾದರೆ ಅದೇ ಗತಿ.

ಲೆಕ್ಕ ಕಟ್ಟುವ ಕಲೆಯಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನಿಗೆ ಹೆಚ್ಚು ಅಂಕ ಕೊಡುತ್ತೇನೆ. ‘ಗಣಿತಸಾರಸಂಗ್ರಹ’ದಲ್ಲಿ 9 ಮಾದಳ, 7 ಬೇಲದ ಹಣ್ಣಿಗೆ ಒಟ್ಟು 107, 7 ಮಾದಳ, 9 ಬೇಲಕ್ಕೆ 101. ಎರಡನ್ನೂ ಕೂಡಿಸಿ: 16 ಜೋಡಿಗೆ 208, ಜೋಡಿಗೆ 13. ಕಳೆಯಿರಿ: ಎರಡು ಮಾದಳಕ್ಕೆ ಎರಡು ಬೇಲಕ್ಕಿಂತ 6 ಜಾಸ್ತಿ, ಒಂದಕ್ಕೆ 3. ಮಾದಳ 8, ಬೇಲ 5. ಅಂಕಿಗಳನ್ನು ಆರಿಸಿದ ರೀತಿಯೇ ದಾರಿ ತೋರಿಸುತ್ತದೆ. ಆದರೆ ಆಚಾರ್ಯ ಕೊಟ್ಟ ಸೂತ್ರ, ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸುವಂಥದ್ದು, ಈ ಅಚ್ಚಿನ ಲೆಕ್ಕಕ್ಕೆ ಮಾತ್ರ ಸಲ್ಲುತ್ತದೆ. ಸೂತ್ರಕ್ಕಿಂತ ಅವನ ಲೆಕ್ಕವೇ ಮೇಲು.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ‘ಎಕ್ಸ್ ಆಗಿರಲಿ’ ಎಂದು ಬರೆಸುವ ಮೊದಲು, ಈ ಕಥೆಯಲ್ಲಿ ಬದಲಾಗದೆ ಉಳಿಯುವುದು ಯಾವುದು ಎಂದು ಮಕ್ಕಳನ್ನು ಕೇಳಿ.