ಬಯಲಿನ ಪಾಠ: ಒಂದು ಪಠ್ಯಗ್ರಂಥದ ವಿಮರ್ಶೆ

1991ರ ನವೆಂಬರ್ 22ರಂದು ಎಂ. ಸಿ. ಮೆಹತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವು ಶಾಲೆ ಕಾಲೇಜುಗಳಲ್ಲಿ ಬೋಧನೆಯ ವಿಷಯವಾಗಬೇಕೆಂದು ನಿರ್ದೇಶಿಸಿತು. 2003ರ ಡಿಸೆಂಬರಿನಲ್ಲಿ ನ್ಯಾಯಾಲಯವು ಮತ್ತೆ ಆಜ್ಞಾಪಿಸಿದ ಮೇಲೆ, ಪದವಿ ತರಗತಿಗಳಿಗೆಲ್ಲ ಸಾಮಾನ್ಯವಾದ ಆರು ತಿಂಗಳ ಪಠ್ಯಕ್ರಮವು ಆಚರಣೆಗೆ ಬಂದಿತು. ಅದಕ್ಕೆ ಅನುಗುಣವಾಗಿ ಎರಾಕ್ ಭರೂಚಾ ಅವರು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗಕ್ಕಾಗಿ ಪರಿಸರ ಅಧ್ಯಯನದ ಪಠ್ಯಗ್ರಂಥವನ್ನು ರಚಿಸಿದರು. ಪಠ್ಯಕ್ರಮವು ಮುಂದೆ ಪರಿಷ್ಕೃತವಾಗಿದೆಯಾದರೂ, ಬಯಲಿನ ಸಂಚಾರಕ್ಕೂ ನಿಸರ್ಗದ ಆಸ್ವಾದಕ್ಕೂ ಕಾಲೇಜಿನ ವ್ಯಾಸಂಗದಲ್ಲಿ ಎಂಥ ಸ್ಥಾನವಿರಬೇಕೆಂಬುದನ್ನು ವಿಚಾರಿಸಲು ಆ ಮೂಲ ಯೋಜನೆ ಮತ್ತು ಗ್ರಂಥಗಳೇ ತಕ್ಕ ಆಧಾರವೆಂದು ನಾವು ಭಾವಿಸುತ್ತೇವೆ.

ಗುಣಗಳನ್ನು ಮೊದಲು ಹೇಳುವುದು ನ್ಯಾಯ. ವೃತ್ತಿಯಿಂದ ಶಸ್ತ್ರವೈದ್ಯರಾದ ಕರ್ತೃಗಳು ಕಲೆ, ವಾಣಿಜ್ಯ, ವಿಜ್ಞಾನ ವಿದ್ಯಾರ್ಥಿಗಳೆಲ್ಲರೂ ಗ್ರಹಿಸಬಲ್ಲ ತಿಳಿಯಾದ ಶೈಲಿಯಲ್ಲಿ ಬರೆದಿದ್ದಾರೆ. ನಿಸರ್ಗಕ್ಕೆ ಉತ್ಪಾದನೆಯ ಮೌಲ್ಯವಲ್ಲದೆ ಸೌಂದರ್ಯದ ಹಾಗೂ ವಿಹಾರದ ಮೌಲ್ಯವೂ ಉಂಟೆಂದು ಮೊದಲ ಅಧ್ಯಾಯದಲ್ಲಿಯೇ ಒಪ್ಪಿರುವುದು ಶ್ಲಾಘನೀಯ.

ಆದರೆ ತತ್ತ್ವದಲ್ಲಿ ಒಪ್ಪಿದ ಮಾತು ಯೋಜನೆಯಲ್ಲಿ ನಿಂತಿಲ್ಲ. 50 ಉಪನ್ಯಾಸಗಳಲ್ಲಿ ಕ್ಷೇತ್ರಕಾರ್ಯಕ್ಕೆ ದೊರೆತದ್ದು 5ರಷ್ಟು ಅವಧಿ. 100 ಅಂಕಗಳಲ್ಲಿಯೋ 25. ನದಿ, ಕಾಡು, ಬೆಟ್ಟಗಳ ಸಂದರ್ಶನ, ಮಲಿನಗೊಂಡ ಸ್ಥಳದ ಪರಿಶೀಲನೆ, ಗಿಡ, ಕೀಟ, ಹಕ್ಕಿಗಳ ಪರಿಚಯ, ಕೊಳ ಅಥವಾ ಹೊಳೆಯ ಅಧ್ಯಯನ ಇವೆಲ್ಲವೂ ಇಷ್ಟೇ ಅವಧಿಯೊಳಗೆ ಅಡಗಬೇಕು. ಕಾಲ ಕಿರಿದಾಗಿ ಅಂಕ ಹಿರಿದಾದಾಗ ಏನಾಗುವುದೆಂಬುದನ್ನು ಅಧ್ಯಾಪಕರೆಲ್ಲರೂ ಬಲ್ಲರು: ನೋಡುವುದಕ್ಕಿಂತ ವರದಿಯೇ ಮುಖ್ಯವಾಗುತ್ತದೆ, ಒಬ್ಬನ ವರದಿ ಹತ್ತು ಮಂದಿಯ ವರದಿಯಾಗುತ್ತದೆ. ಕೆರೆಯನ್ನು ಕಾಣದೆಯೇ ಕೆರೆಯ ಮೇಲೆ ಬರೆದ ಪುಟಗಳಿಗೆ ನಾವೂ ಅಂಕ ಕೊಟ್ಟಿದ್ದೇವೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಇತಿಹಾಸದ ಅಧ್ಯಾಪಕರಾದ ನಮಗೆ ಇನ್ನೊಂದು ಕೊರತೆಯೂ ತೋರುತ್ತದೆ. ಪಠ್ಯಕ್ರಮದ ಪಟ್ಟಿಯಲ್ಲಿ ಕೊಳ, ನದಿ, ಗುಡ್ಡದ ಇಳಿಜಾರು ಇವು ಜೀವಿಗಳ ನೆಲೆಗಳಾಗಿ ಮಾತ್ರ ಬರುತ್ತವೆ. ಅವುಗಳಿಗೆ ಭೂತಕಾಲವೇ ಇಲ್ಲ. ಆದರೆ ನಮ್ಮ ನಾಡಿನ ಕೆರೆಯು ತಾನಾಗಿ ಉಂಟಾದುದಲ್ಲ. ಏರಿಯನ್ನು ಕಟ್ಟಿದವರುಂಟು, ತೂಬನ್ನು ಇಟ್ಟವರುಂಟು. ಕೆರೆಯ ಪೋಷಣೆಗೆ ಬಿತ್ತುವಟ್ಟವೆಂಬ ದತ್ತಿಯನ್ನು ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿ ಬಂದಿದೆ. ವಿಜಯನಗರದ ಒಂದನೆಯ ಬುಕ್ಕನ ಮಗ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಕ್ರಿ. ಶ. 1369ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಇಂಥ ಶಾಸನವನ್ನು ಓದಿ ತನ್ನೂರಿನ ಏರಿಯ ಮೇಲೆ ನಡೆದ ವಿದ್ಯಾರ್ಥಿಗೆ ಬಿರುಕುಬಿಟ್ಟ ತೂಬು, ಮುಚ್ಚಿಹೋದ ಕೋಡಿ ಕಣ್ಣಿಗೆ ಬೀಳದೆ ಇರಲಾರವು. ಆಗ ಮಾಲಿನ್ಯವು ವ್ಯಾಖ್ಯೆಯಾಗಿ ಉಳಿಯದೆ ನಷ್ಟವಾಗಿ ಅರಿವಿಗೆ ಬರುತ್ತದೆ.

ವಿಹಾರವೆಂದರೆ ಕಾಲಹರಣವೆಂಬ ಭಾವನೆ ನಮ್ಮ ವಿದ್ಯಾಲಯಗಳಲ್ಲಿ ಬಲವಾಗಿದೆ. ಅದು ಸರಿಯಲ್ಲ. ಸಂತೋಷದಿಂದ ಸುತ್ತಾಡಿ ಬಲ್ಲ ಸ್ಥಳವನ್ನೇ ಮನುಷ್ಯನು ಕಾಪಾಡುತ್ತಾನೆ. ಆದುದರಿಂದ ಹಲವು ಸ್ಥಳಗಳ ಅವಸರದ ಸಂದರ್ಶನಕ್ಕೆ ಬದಲಾಗಿ ಸಮೀಪದ ಒಂದೇ ಕೆರೆಗೋ ಗುಡ್ಡಕ್ಕೋ ಮಳೆ, ಚಳಿ, ಬೇಸಗೆಗಳಲ್ಲಿ ಒಮ್ಮೊಮ್ಮೆ ಹೋಗಿಬರುವುದು, ಪ್ರತಿಸಲವೂ ಕಂಡುದನ್ನು ಸ್ಥಳದಲ್ಲಿಯೇ ಬರೆಯಿಸುವುದು ಮೇಲು. ಇದಕ್ಕೆ ವೆಚ್ಚ ಹೆಚ್ಚಿಲ್ಲ. ಅಧ್ಯಾಪಕರು ಜೊತೆಯಲ್ಲಿ ನಡೆಯಬೇಕು, ಅಷ್ಟೆ. ಭರೂಚಾ ಅವರ ಗ್ರಂಥವು ಉತ್ತಮ ಕೈಪಿಡಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದು ಹೊರಗೆ ಹೊರಟಾಗಲೇ ಅದು ಸಾರ್ಥಕವಾಗುವುದು.