ಗೂಡಿಗೆ ಇರುವ ಪರೀಕ್ಷೆ ನರ್ಸಿಂಗ್ ಹೋಮಿಗೆ ಯಾಕಿಲ್ಲ?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ಅರ್ಧ ಗಂಟೆ ನಿಂತು ನೋಡಿದರೆ ಸಾಕು, ನಮ್ಮ ಜನರ ಜಾಣತನ ತಿಳಿಯುತ್ತದೆ. ಲಾಟಿನ ಮುಂದೆ ಬಂದ ರೀಲರು ಮೇಲಿನ ಗೂಡನ್ನಷ್ಟೇ ನೋಡಿ ಹೋಗುವುದಿಲ್ಲ. ಕೈ ಒಳಗೆ ಹಾಕಿ ತಳದ ಗೂಡನ್ನು ಮೇಲೆತ್ತುತ್ತಾನೆ. ಬೆರಳಲ್ಲಿ ಒತ್ತುತ್ತಾನೆ, ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಜೊಳ್ಳು ಎಷ್ಟು, ಕಲೆಯಾದದ್ದು ಎಷ್ಟು, ಜೋಡಿಗೂಡು ಎಷ್ಟು ಎಂದು ಲೆಕ್ಕ ಹಾಕುತ್ತಾನೆ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕಾದೀತು ಎಂಬ ‘ರೆಂಡಿಟ್ಟಾ’ದ ಅಂದಾಜು ಅವನ ತಲೆಯಲ್ಲೇ ಇರುತ್ತದೆ. ಹರಾಜು ಕಂಪ್ಯೂಟರಿಗೆ ಹತ್ತಿದ ಮೇಲೂ ಕೈಯ ಈ ಪರೀಕ್ಷೆ ನಿಂತಿಲ್ಲ.

ನಮ್ಮ ಭಾವ ಇಂಥ ಒಬ್ಬ ರೀಲರು. ಗೂಡಿನ ವಿಷಯದಲ್ಲಿ ಅವರಿಗೆ ಮೋಸ ಮಾಡಿದವರನ್ನು ನಾವು ಕಂಡಿಲ್ಲ. ಹನ್ನೆರಡು ವರ್ಷಗಳ ಹಿಂದೆ ಅವರ ಹಿರಿಯ ಮಗಳ ಚೊಚ್ಚಲ ಹೆರಿಗೆಗೆ ನಮ್ಮ ಜಿಲ್ಲೆಯದೇ ಒಂದು ನರ್ಸಿಂಗ್ ಹೋಮನ್ನು ಆರಿಸಿದೆವು. ‘ಆರಿಸಿದೆವು’ ಎನ್ನುವುದೇ ದೊಡ್ಡ ಮಾತು. ಕಟ್ಟಡ ಹೊಸದು, ನೆಲಕ್ಕೆ ಗ್ರಾನೈಟ್ ಹಾಸಿದ್ದಾರೆ, ಲೇಡಿ ಡಾಕ್ಟರಿದ್ದಾರೆ, ನೆಂಟರೊಬ್ಬರ ಸೊಸೆಗೆ ಅಲ್ಲಿ ಸುಖವಾಗಿ ಆಗಿತ್ತು. ಇಷ್ಟೇ ನಮ್ಮ ಪರೀಕ್ಷೆ. ಆ ಮಾತುಕತೆಯಲ್ಲಿ ನಾವೂ ಕೂತಿದ್ದೆವು, ತಲೆಯಾಡಿಸಿದ್ದೆವು.

ಸಂಜೆ ಹೆರಿಗೆಯಾಯಿತು, ಗಂಡು ಮಗು. ಮಿಠಾಯಿ ಹಂಚಿದ್ದಾಯಿತು. ಡಾಕ್ಟರು ಬೆಂಗಳೂರಿನ ತಮ್ಮ ಮನೆಗೆ ಹೊರಟರು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಹುಡುಗಿಗೆ ರಕ್ತ ಹೋಗತೊಡಗಿತು. ಬಿಳಿ ಕೋಟು ತೊಟ್ಟ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ಡ್ಯೂಟಿಯಲ್ಲಿದ್ದಳು. “ಏನೂ ಆಗಲ್ಲಮ್ಮ, ಎಲ್ಲರಿಗೂ ಹೀಗೇ ಇರುತ್ತೆ” ಎಂದು ನಮ್ಮ ಅಕ್ಕನಿಗೆ ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಅವಳೇ ಅಳತೊಡಗಿದಳು. ಅವಳಿಗೆ ನರ್ಸಿಂಗ್ ಓದಾಗಿರಲಿಲ್ಲವೆಂದು ನಮಗೆ ತಿಳಿದದ್ದು ಆಮೇಲೆ. ಫೋನಿನಲ್ಲೇ ಅಪ್ಪಣೆಯಾಯಿತು: ಬೆಂಗಳೂರಿಗೆ ಕರೆದುಕೊಂಡು ಹೋಗಿ. ಕೈಗೆ ಕೊಟ್ಟ ಚೀಟಿಯಲ್ಲಿ ಹೆಸರೊಂದು ಬಿಟ್ಟರೆ ಹೆರಿಗೆಯಾದ ಹೊತ್ತಿರಲಿಲ್ಲ, ರಕ್ತದೊತ್ತಡವಿರಲಿಲ್ಲ, ಕೊಟ್ಟ ಔಷಧಿಯ ಹೆಸರೂ ಇರಲಿಲ್ಲ. ಬೆಂಗಳೂರಿನ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯವರು ಅವಳ ಜೀವ ಉಳಿಸಿದರು. ಗರ್ಭಕೋಶ ಉಳಿಯಲಿಲ್ಲ. ಆಗ ಅವಳ ವಯಸ್ಸು ಇಪ್ಪತ್ತೆರಡು.

ಮನೆಗೆ ಬಂದ ಮೇಲೆ ಅಕ್ಕ ಹೇಳಿದ್ದು ಒಂದೇ ಮಾತು: “ನಾವು ನೆಲ ನೋಡಿ ಹೋದೆವು.”

ಈ ಲೇಖನ ಆ ನರ್ಸಿಂಗ್ ಹೋಮಿನ ಮೇಲಿನ ದೂರಲ್ಲ. ನಮ್ಮ ಅಳತೆಗೋಲಿನ ವಿಮರ್ಶೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಯಾವ ಪೇಟೆಗೆ ಹೋದರೂ ನಾವು ಆಸ್ಪತ್ರೆಯನ್ನು ಅಳೆಯುವ ಕ್ರಮ ಒಂದೇ. ಡಾಕ್ಟರ ಹೆಸರಿನ ಮುಂದಿನ ಪದವಿಗಳ ಉದ್ದ ನೋಡುತ್ತೇವೆ. ಹೋದ ಕೂಡಲೇ ಡ್ರಿಪ್ ಹಾಕಿದರೆ ‘ಚೆನ್ನಾಗಿ ನೋಡುತ್ತಾರೆ’ ಎನ್ನುತ್ತೇವೆ. ನಮ್ಮವರದೋ, ನಮ್ಮ ಜಾತಿಯವರದೋ ಎಂದು ವಿಚಾರಿಸುತ್ತೇವೆ. ಇವೆಲ್ಲ ಹಗಲಿನ ಪ್ರಶ್ನೆಗಳು. ಹೆರಿಗೆಯ ಅಪಾಯಕ್ಕೆ ಹಗಲು ರಾತ್ರಿಗಳ ಭೇದವಿಲ್ಲ.

ಹೆಸರನ್ನೇ ಗಮನಿಸಿ. ನಮ್ಮ ಹಿರಿಯರು ‘ದವಾಖಾನೆ’ ಎನ್ನುತ್ತಿದ್ದರು. ಅಂದರೆ ದವಾ, ಔಷಧಿ ಸಿಗುವ ಜಾಗ. ‘ನರ್ಸಿಂಗ್ ಹೋಮ್’ ಎಂದರೆ ಶುಶ್ರೂಷೆಯ ಮನೆ. ಉರ್ದುವಿನಲ್ಲಿ ಆ ಕೆಲಸಕ್ಕೆ ‘ತೀಮಾರ್‌ದಾರಿ’ ಎಂಬ ಮಾತಿದೆ. ವಿಪರ್ಯಾಸ ನೋಡಿ, ಹೆಸರಿನಲ್ಲೇ ನರ್ಸ್ ಇರುವ ಜಾಗಕ್ಕೆ ಹೋಗಿ ನಾವು ನರ್ಸಿನ ಬಗ್ಗೆ ಮಾತ್ರ ಏನೂ ಕೇಳುವುದಿಲ್ಲ. ಮದೀನಾದ ಮಸೀದಿಯ ಅಂಗಳದಲ್ಲಿ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದ ರುಫೈದಾರನ್ನು ಭಾಷಣಗಳಲ್ಲಿ ಹೊಗಳುತ್ತೇವೆ. ಕ್ರಿಮಿಯಾ ಯುದ್ಧದಲ್ಲಿ ರಾತ್ರಿ ದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದ ಫ್ಲಾರೆನ್ಸ್ ನೈಟಿಂಗೇಲ್ ನಮ್ಮ ಪಠ್ಯಪುಸ್ತಕದಲ್ಲಿದ್ದಳು. ಆದರೆ ನಮ್ಮ ಮಗಳು ಮಲಗಿರುವ ವಾರ್ಡಿನಲ್ಲಿ ರಾತ್ರಿ ದೀಪ ಹಿಡಿಯುವವರು ಯಾರು ಎಂದು ಕೇಳಲು ನಮಗೆ ಸಂಕೋಚ.

ಹೆರಿಗೆಯಾದ ಮೊದಲ ಎರಡು ಗಂಟೆ ಬಾಣಂತಿಯ ನಾಡಿ, ರಕ್ತದೊತ್ತಡ, ರಕ್ತಸ್ರಾವವನ್ನು ಕಾಲು ಗಂಟೆಗೊಮ್ಮೆ ನೋಡಿ ಬರೆದಿಡಬೇಕು. ಆಮೇಲೂ ಕಣ್ಣು ತೆಗೆಯುವಂತಿಲ್ಲ. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಮೊದಲ ಕಾರಣ ರಕ್ತಸ್ರಾವ. ನೋಡಿ ಬರೆದಿಡುವ ಈ ಕೆಲಸ ಡಾಕ್ಟರದಲ್ಲ, ನರ್ಸಿನದು. ಕನ್ನಡದ ಓದುಗರಿಗೆ ಇದನ್ನು ಬೇರೆ ರೀತಿಯಲ್ಲೂ ನೆನಪಿಸಬಹುದು. ಕಾದಂಬರಿಕಾರ್ತಿ ತ್ರಿವೇಣಿ 1963ರಲ್ಲಿ ತೀರಿಕೊಂಡದ್ದು ಹೆರಿಗೆಯಾದ ಕೆಲವೇ ದಿನಗಳಲ್ಲಿ. ಮಗು ಅತ್ತ ಕೂಡಲೇ ಅಪಾಯ ಮುಗಿಯಿತೆಂದು ತಿಳಿಯುವವರು ಆ ಹೆಸರನ್ನು ನೆನೆಯಬೇಕು. ಮುಂದೆ ವೈದ್ಯೆ-ಲೇಖಕಿ ಅನುಪಮಾ ನಿರಂಜನ ‘ತಾಯಿ-ಮಗು’ವಿನಂಥ ಪುಸ್ತಕಗಳನ್ನು ಬರೆದು, ನಮ್ಮ ಹೆಣ್ಣುಮಕ್ಕಳು ತಮ್ಮ ದೇಹದ ಬಗ್ಗೆ ತಾವೇ ತಿಳಿಯುವ ದಾರಿ ತೋರಿಸಿದರು. ಆದರೂ ನಾವು ಇನ್ನೂ ನೆಲ ನೋಡುತ್ತಿದ್ದೇವೆ.

ಹಾಗಾದರೆ ಕೇಳಬೇಕಾದದ್ದೇನು? ರಾತ್ರಿ ಡಾಕ್ಟರು ಎಲ್ಲಿರುತ್ತಾರೆ, ಕರೆದರೆ ಎಷ್ಟು ನಿಮಿಷದಲ್ಲಿ ಬರುತ್ತಾರೆ? ರಾತ್ರಿಪಾಳಿಯ ನರ್ಸ್ ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರೇ? ಅರಿವಳಿಕೆ ಕೊಡುವ ಡಾಕ್ಟರು ಯಾರು? ಸಣ್ಣ ಪೇಟೆಗಳಲ್ಲಿ ಒಬ್ಬರೇ ಅರಿವಳಿಕೆ ತಜ್ಞರು ಹಲವು ನರ್ಸಿಂಗ್ ಹೋಮುಗಳನ್ನು ಸುತ್ತುವುದು ಸಾಮಾನ್ಯ. ಅವರು ಬೇರೆ ಕಡೆ ಇದ್ದರೆ ಗತಿಯೇನು? ರಕ್ತ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿನಲ್ಲಿ? ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿ ಇಡಬೇಕು. ಕರೆಂಟು ಹೋದರೆ ಜನರೇಟರ್ ಇದೆಯೇ? ಕೈಮೀರಿದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ, ಜೊತೆಗೆ ಯಾರು?

ಕೊನೆಯ ಪ್ರಶ್ನೆ ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಚಿಕ್ಕಬಳ್ಳಾಪುರದಿಂದ ಬೆಂಗಳೂರು ಐವತ್ತೈದು ಕಿಲೋಮೀಟರು ಆಸುಪಾಸು. ಗೌರಿಬಿದನೂರು, ಚಿಂತಾಮಣಿಗಳಿಂದ ಇನ್ನೂ ದೂರ. ಹೆದ್ದಾರಿ ಚೆನ್ನಾಗಿದೆ, ನಿಜ. ಹೆಬ್ಬಾಳದ ಟ್ರಾಫಿಕ್ಕಿಗೆ ಯಾವ ಬಾಣಂತಿಯ ಕಷ್ಟವೂ ಗೊತ್ತಾಗುವುದಿಲ್ಲ. ಹಾಗಂತ ಎಲ್ಲಕ್ಕೂ ಬೆಂಗಳೂರೇ ಎನ್ನುವ ಕಾಲವೂ ಈಗಿಲ್ಲ. ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಮುದ್ದೇನಹಳ್ಳಿಯಲ್ಲಿ 2023ರಲ್ಲಿ ಉಚಿತ ಚಿಕಿತ್ಸೆಯ ವೈದ್ಯಕೀಯ ಕಾಲೇಜು ಉದ್ಘಾಟನೆಯಾಯಿತು. ಚಿಂತಾಮಣಿಯವರಿಗೆ ಕೋಲಾರ ಹತ್ತಿರ. ಹೆರಿಗೆಯ ದಿನಕ್ಕೆ ಮೊದಲೇ ಈ ನಕ್ಷೆ ಮನೆಯವರ ತಲೆಯಲ್ಲಿರಬೇಕು.

ಸರ್ಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುವ ಚಾಳಿಯನ್ನೂ ಬಿಡಬೇಕು. ನಮ್ಮ ಹುಡುಗಿಯನ್ನು ಉಳಿಸಿದ್ದು ಅದೇ. ಆದರೆ ಅದನ್ನೂ ಪ್ರಶ್ನೆಯಿಂದ ಹೊರಗಿಡುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು, ಅವರಿಗೆ ಹಾಕಿದ ಡ್ರಿಪ್ಪಿನ ದ್ರಾವಣದ ಮೇಲೇ ಸಂಶಯ ಬಂತು. ಖಾಸಗಿಯಲ್ಲಿ ಇನ್ನೊಂದು ಬಗೆಯ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರರಲ್ಲಿ ಸುಮಾರು 31 ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು. ಸಿಸೇರಿಯನ್ ಜೀವ ಉಳಿಸುತ್ತದೆ, ಅದನ್ನು ಶಪಿಸುವವರು ನಾವಲ್ಲ. ಆದರೆ ‘ನಿಮ್ಮಲ್ಲಿ ನೂರರಲ್ಲಿ ಎಷ್ಟು?’ ಎಂದು ಕೇಳುವುದು ಅವಮಾನವೇನಲ್ಲ.

ಕಾನೂನು ನಮ್ಮ ಪರವಾಗಿಯೇ ಇದೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಪ್ರತಿ ನರ್ಸಿಂಗ್ ಹೋಮೂ ನೋಂದಣಿಯಾಗಿರಬೇಕು, ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ನಮ್ಮ ನೆರೆಯ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, 2017ರಲ್ಲಿ, ಖಾಸಗಿ ವೈದ್ಯರ ದೊಡ್ಡ ಮುಷ್ಕರದ ನಡುವೆ ಇದಕ್ಕೆ ತಿದ್ದುಪಡಿಯಾಯಿತು. ದರಪಟ್ಟಿ ತಿಳಿಸಬೇಕು, ತುರ್ತಿನಲ್ಲಿ ಮುಂಗಡಕ್ಕೆ ಹಟ ಹಿಡಿಯಬಾರದು, ಬಾಕಿಗಾಗಿ ಶವವನ್ನು ಹಿಡಿದಿಡಬಾರದು, ದೂರಿದ್ದರೆ ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರಕ್ಕೆ ಹೋಗಬಹುದು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರಿಗೇ ಇರುವ ನಿಯಮ. ಗೋಡೆಯ ಮೇಲಿನ ಆ ಪ್ರಮಾಣಪತ್ರವನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?

ಲೇಡಿ ಡಾಕ್ಟರ್ ಬೇಕೆಂಬುದು ನಮ್ಮ ಮನೆಗಳ ನ್ಯಾಯವಾದ ಆಸೆ. ಆದರೆ ರಾತ್ರಿ ಬರುವ ಅರಿವಳಿಕೆಯವರು ಗಂಡಸೇ ಆಗಿರಬಹುದು. ಅನಿವಾರ್ಯತೆ ಬಂದಾಗ ನಿಷೇಧ ಸಡಿಲುತ್ತದೆ ಎಂಬುದು ಫಿಕ್ಹ್ ಬಲ್ಲವರೆಲ್ಲ ಒಪ್ಪಿದ ತತ್ತ್ವ. ಆಪರೇಷನ್ ಬಾಗಿಲಲ್ಲಿ ನಿಂತು ಇದನ್ನು ಚರ್ಚಿಸುವ ಬದಲು ಏಳನೆಯ ತಿಂಗಳಲ್ಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಒಳ್ಳೆಯದು. ನಮ್ಮ ಹೆಣ್ಣುಮಕ್ಕಳೇ ನರ್ಸಿಂಗ್ ಓದಲೆಂಬ ಆಸೆ ನಮಗೆಷ್ಟಿದೆ ಎಂಬುದನ್ನೂ ಜೊತೆಗೆ ಕೇಳಿಕೊಳ್ಳಬೇಕು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಸಣ್ಣ ಪೇಟೆಯಲ್ಲಿ ನರ್ಸಿಂಗ್ ಹೋಮ್ ನಡೆಸುವುದು ಸುಲಭವಲ್ಲ. ತರಬೇತಾದ ನರ್ಸುಗಳು ಒಳ್ಳೆಯ ಸಂಬಳಕ್ಕೆ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ಸಾವಾದರೆ ಗಾಜು ಒಡೆಯುವ ನಮ್ಮವರ ಭಯ ಡಾಕ್ಟರಿಗಿದೆ. ಅದರ ವಿರುದ್ಧ 2009ರಲ್ಲೇ ಕಾನೂನು ಮಾಡಬೇಕಾಗಿ ಬಂತು. ಗಾಜು ಒಡೆಯುವವರು ಯಾರು? ಮೊದಲೇ ಪ್ರಶ್ನೆ ಕೇಳದವರು. ಮುಂಚೆ ಕೇಳಿದ ಪ್ರಶ್ನೆ ಆಮೇಲಿನ ಕಲ್ಲಿಗಿಂತ ಇಬ್ಬರಿಗೂ ಹಿತ. ಸರಿಯಾಗಿ ನಡೆಸುವ ಡಾಕ್ಟರು ಅದಕ್ಕೆ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರವೇ.

ಕಳೆದ ವರ್ಷ ಭಾವನವರ ಎರಡನೆಯ ಮಗಳ ಹೆರಿಗೆ. ಈ ಸಲ ಅವರು ಹಗಲು ಹೋಗಲಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ನಮ್ಮನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ಮೊದಲು ಹೋದ ಕಡೆ ಗ್ರಾನೈಟ್ ಹೊಳೆಯುತ್ತಿತ್ತು. ಬಾಗಿಲು ತೆರೆಯಲು ವಾಚ್‌ಮನ್ ಬರುವಷ್ಟರಲ್ಲಿ ಹತ್ತು ನಿಮಿಷವಾಯಿತು. ಎರಡನೆಯದು ಹಳೆಯ ಕಟ್ಟಡ, ಸುಣ್ಣ ಬಿಟ್ಟಿತ್ತು. ನಡುವಯಸ್ಸಿನ ನರ್ಸೊಬ್ಬರು ಎಚ್ಚರವಾಗಿ ಕೂತು ಹಾಳೆಯ ಮೇಲೆ ಏನೋ ಬರೆಯುತ್ತಿದ್ದರು. ಭಾವ ಒಂದೊಂದಾಗಿ ಕೇಳಿದರು, ಅವರು ಒಂದೊಂದಕ್ಕೂ ಉತ್ತರಿಸಿದರು. ಒಂದಕ್ಕೆ ಮಾತ್ರ, “ರಕ್ತ ನಮ್ಮಲ್ಲಿಲ್ಲ, ಮೊದಲೇ ಏರ್ಪಾಟು ಮಾಡಿಕೊಳ್ಳೋಣ, ನಿಮ್ಮ ಕಡೆಯಿಂದ ಇಬ್ಬರ ಹೆಸರು ಕೊಟ್ಟಿರಿ” ಎಂದರು.

ಹೊರಗೆ ಬಂದ ಭಾವ ಗಾಡಿ ಸ್ಟಾರ್ಟ್ ಮಾಡುತ್ತ, “ಲಾಟು ಒಳ್ಳೆಯದಿದೆ” ಎಂದರು. ರಕ್ತ ಕೊಡುವವರ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದೇ ಆಯಿತು.