ಬೀಸುಕಲ್ಲನ್ನು ಮರೆತ ವೀರಗಾಥೆ

ಆನೆಗೊಂದಿಯಲ್ಲಿ ಹಾಳೂರಿನ ಮಾತು ಬಂದರೆ ಎಲ್ಲರೂ ವಿಜಯನಗರ ಬಿದ್ದ 1565ಕ್ಕೇ ಹೋಗುತ್ತಾರೆ. ಹೊಳೆಯಾಚೆಯ ಹಂಪಿಗಾಗಿ ಅಳಲು ನಮಗೆ ಕಣ್ಣೀರಿನ ಬರವಿಲ್ಲ. ಅದೇ ಕೊಪ್ಪಳದ ಕೋಟೆಯ ಮಾತೆತ್ತಿ ನೋಡಿ: ಕಂಪನಿಯ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ, 1858ರ ಜೂನ್ 1, ಹುತಾತ್ಮರು. ಮುಗಿಯಿತು. ಭಾಷಣಗಳಲ್ಲೂ ಸ್ಮರಣ ಸಂಚಿಕೆಗಳಲ್ಲೂ ಇಷ್ಟೇ ತಿರುಗಾಡುತ್ತದೆ. ಭೀಮರಾಯನ ಎದೆಗಾರಿಕೆಯ ಬಗ್ಗೆ ನನ್ನ ತಕರಾರಿಲ್ಲ, ಈ ಕಥನಕ್ಕೆ ಸಿಕ್ಕ ಮನ್ನಣೆಯ ಬಗ್ಗೆ ಇದೆ. ಮೇಲೆ ಕೋಟೆ, ಕೆಳಗೆ ಪೇಟೆ. ಬರೆಯುವವರ ಕಣ್ಣು ಒಮ್ಮೆಯೂ ಕೆಳಗಿಳಿಯುವುದಿಲ್ಲ.

ಇದರ ಪಕ್ಕದಲ್ಲಿ ಹಲಗಲಿ ಬೇಡರ ಲಾವಣಿಯನ್ನು ಇಟ್ಟು ನೋಡಬೇಕು. 1857ರ ನಿಶ್ಶಸ್ತ್ರೀಕರಣದ ಹುಕುಂ, ಜಡಗ, ಬಾಲ, ರಾಮ, ಹನುಮರ ಹಟ, ಊರಿಗೆ ಬಿದ್ದ ಬೆಂಕಿ ಎಲ್ಲರಿಗೂ ಗೊತ್ತಿದ್ದದ್ದೇ. ಹತ್ತನೇ ತರಗತಿಯ ಪಠ್ಯದಲ್ಲೇ ಬಂದ ಹಾಡು. ನಾನು ತಡೆದು ನಿಲ್ಲುವುದು ಕೊನೆಯ ಭಾಗದ ಲೂಟಿಯ ಪಟ್ಟಿಯ ಹತ್ತಿರ. ದಂಡಿನವರು ಏನೇನು ಹೊತ್ತೊಯ್ದರು? ಚಿನ್ನದ ಗಂಟಲ್ಲ. ಕೊಡಲಿ, ಕುಡ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಜೀರಿಗೆ. ಒಕ್ಕಲುತನದ ಕಬ್ಬಿಣದಿಂದ ಶುರುವಾದ ಪಟ್ಟಿ ನೆಲುವಿಗೆ, ನೆಲುವಿನಿಂದ ಒಲೆಯ ಮಗ್ಗುಲಿಗೆ ಬರುತ್ತದೆ. ಚರಿಗೆಗೂ ಬೀಸುಕಲ್ಲಿಗೂ ನಡುವೆ, ಅದೂ ಒಂದು ಸಾಮಾನೆಂಬಂತೆ, ಮಂಗಳಸೂತ್ರ ಬಂದು ಕೂರುತ್ತದೆ. ಲಾವಣಿಕಾರ ಅಲ್ಲಿ ದನಿ ಏರಿಸುವುದಿಲ್ಲ. ಗಂಡ ಸತ್ತನೆಂದೂ ಹೇಳುವುದಿಲ್ಲ. ಆಮೇಲೆ ಆ ಕಲ್ಲು. ಬೀಸುಕಲ್ಲನ್ನು ಹೊತ್ತು ದಂಡಿನವನಿಗೆ ಆಗಬೇಕಾದದ್ದೇನು? ಏನೂ ಇಲ್ಲ. ಆದರೆ ಅದು ಹೋದ ಮನೆಯಲ್ಲಿ, ಹಗೇವಿನಲ್ಲಿ ಜೋಳ ಉಳಿದಿದ್ದರೂ ರೊಟ್ಟಿ ಆಗುವುದಿಲ್ಲ.

ಈ ಪಟ್ಟಿ ಬರೀ ಪ್ರಾಸದ ಭರ್ತಿ, ವೀರರಸಕ್ಕೆ ಅಡ್ಡಿ ಎಂದು ವಾದಿಸುವವರಿದ್ದಾರೆ. ಪ್ರಾಸ ಇದೆ, ಯಾರು ಇಲ್ಲವೆಂದರು? ಪ್ರಾಸಕ್ಕೆ ಕತ್ತಿ, ಬತ್ತಿ ಏನು ಬೇಕಾದರೂ ಸಿಗುತ್ತಿತ್ತು. ಜೀರಿಗೆ ಹುಡುಕಿಕೊಂಡು ಅಡುಗೆಮನೆಗೆ ಹೋಗಬೇಕಿರಲಿಲ್ಲ. ಜನಪದವನ್ನು ಹೊಗಳುವ ಈ ವಿದ್ವಾಂಸರಿಗೆ ಜನರ ಸಾಮಾನು ಕಂಡರೆ ಯಾಕಿಷ್ಟು ಸಂಕೋಚವೋ! ನನಗೆ ಇಡೀ ಲಾವಣಿ ನಿಂತಿರುವುದೇ ಆ ಪಟ್ಟಿಯ ಮೇಲೆ. ನಾಲ್ವರ ಶೌರ್ಯದ ಭಾಗ ಬೇರೆ ಲಾವಣಿಗಳಲ್ಲೂ ಸಿಗುವಂಥದ್ದು.

ಇನ್ನು ಕೊಪ್ಪಳದ ಕಥನದಲ್ಲಿ ವಿಷಯ ಕಾಳಗಕ್ಕೆ ಬಂದು ಮುಟ್ಟಿದ ಬಗೆಯೂ ಅರ್ಧಂಬರ್ಧ. ನರಗುಂದದ ಬಾಬಾಸಾಹೇಬನಿಗೆ ದತ್ತಕ ನಿರಾಕರಿಸಿದ್ದು, ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾದದ್ದು, ಇವನ್ನು ಹೇಳಿ ಕೈತೊಳೆದುಕೊಳ್ಳುತ್ತಾರೆ. ಆದರೆ ಕೊಪ್ಪಳ ಆಗ ನಿಜಾಮನ ದಿವಾನ ಸಾಲಾರ್ ಜಂಗನ ಜಹಗೀರು. ಆತ ಕಂಪನಿಯ ಮಿತ್ರ. ಕೋಟೆ ಹಿಡಿದವರು ಹೊರಗಿನಿಂದ ಬಂದವರು, ಮುತ್ತಿದವರು ಪೇಟೆಯ ಸ್ವಂತ ಒಡೆಯನ ಗೆಳೆಯರು. ಹಾಗಾದರೆ ಪೇಟೆಯವರ ಪರವಾಗಿ ಮಾತಾಡಲು ಹೋಗಬೇಕಾದವರು ಯಾರು? ಯಾವ ಸ್ಮರಣ ಸಂಚಿಕೆಯಲ್ಲೂ ಈ ಪ್ರಶ್ನೆ ನನ್ನ ಕಣ್ಣಿಗೆ ಬಿದ್ದಿಲ್ಲ. 1790-91ರಲ್ಲಿ ಇದೇ ಕೋಟೆ ಇಂಗ್ಲಿಷರ, ನಿಜಾಮನ ಮುತ್ತಿಗೆಯನ್ನು ಆರು ತಿಂಗಳು ತಡೆದಿತ್ತು. ಅದನ್ನೂ ನಾವು ಹೇಳುವುದು ಗೋಡೆಯ ಹೊಗಳಿಕೆಗಾಗಿಯೇ.

ಕೋಟೆಯ ಮೆಟ್ಟಿಲು ಹತ್ತಿ ಮೇಲೆ ನಿಂತರೆ ಪೇಟೆಯ ಮಾಳಿಗೆಗಳೆಲ್ಲ ಕಾಣುತ್ತವೆ. ಕರೆದೊಯ್ದವರು ಮಾತ್ರ ಭೀಮರಾಯ ನಿಂತಿದ್ದ ಬತೇರಿ ಯಾವುದೆಂದು ಬೆರಳು ಮಾಡಿ ತೋರಿಸುತ್ತಲೇ ಇರುತ್ತಾರೆ.